ಸೆಕೆಂಡ್ ಹ್ಯಾಂಡ್ ರಿವಾಲ್ವರ್ ತಗೋತೀರಾ? ಮೊದಲು ಲೈಸೆನ್ಸ್ ಓದಿ, ಆಮೇಲೆ ಹಿಡಿ ಬಿಚ್ಚಿಸಿ ನೋಡಿ

ಸಂತೆಬಾಚಹಳ್ಳಿ: ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಬಾಗಿಲು ಎಳೆಯುವ ಹೊತ್ತಿಗೆ ಕೈಯಲ್ಲಿ ನಗದು ಇರುವ ವ್ಯಾಪಾರಿಗಳು, ಊರಿಂದಾಚೆ ತೋಟದ ಮನೆಯಲ್ಲಿ ಇರುವವರು ಆಗಾಗ ಕೇಳುವ ಪ್ರಶ್ನೆ ಒಂದಿದೆ. ‘ಲೈಸೆನ್ಸ್ ಏನೋ ಮಾಡಿಸ್ಬಹುದು, ಸೆಕೆಂಡ್ ಹ್ಯಾಂಡ್ ರಿವಾಲ್ವರ್ ತಗೊಂಡ್ರೆ ಆಗುತ್ತಾ?’

ಆಗುತ್ತೆ. ಕಾನೂನಿನಲ್ಲೇ ಅದಕ್ಕೆ ದಾರಿ ಇದೆ. ಆದರೆ ಹಳೇ ಬೈಕ್ ತಗೊಂಡ ಹಾಗೆ ದುಡ್ಡು ಕೊಟ್ಟು ಮನೆಗೆ ಓಡಿಸ್ಕೊಂಡು ಬಂದು, ಆರ್‌ಸಿ ಆಮೇಲೆ ನಿಧಾನಕ್ಕೆ ಮಾಡಿಸ್ಕೊಳ್ಳೋಣ ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ. ಲೈಸೆನ್ಸ್ ಇಲ್ಲದೆ ಒಂದು ರಾತ್ರಿ ಬೀರುವಿನಲ್ಲಿ ಇಟ್ಟುಕೊಂಡರೂ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಂ ಬೀಳುತ್ತೆ. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕಡಿಮೆ ಅಂದ್ರೆ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು, ಮೇಲೆ ದಂಡ. ಕೊಟ್ಟವನಿಗೂ ಕೇಸು ತಪ್ಪಲ್ಲ.

ಕಾಗದದ ವಿಷಯ ಗೊತ್ತಿದ್ದವರೂ ಎಡವುವ ಇನ್ನೊಂದು ಜಾಗ ಇದೆ. ಅದು ರಿವಾಲ್ವರ್‌ನ ಹಿಡಿ. ಲಕ್ಷಗಟ್ಟಲೆ ಕೊಟ್ಟು ತಂದದ್ದು ಕೈಗೆ ಕೂರಲ್ಲ, ಹಿಡಿ ಒಡೆದಿರುತ್ತೆ, ಬೇರೆ ಹಿಡಿ ಎಲ್ಲೂ ಸಿಗಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇವೆ.

ಹಳೇದಕ್ಕೆ ಇಷ್ಟು ಬೇಡಿಕೆ ಯಾಕೆ

ನಮ್ಮ ದೇಶದಲ್ಲಿ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸಿಕೊಳ್ಳೋದನ್ನು ಸರ್ಕಾರ 1980ರ ದಶಕದಲ್ಲೇ ನಿಲ್ಲಿಸಿತು. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮತ್ತು ಕೆಲವೇ ಕೆಲವರಿಗೆ ಮಾತ್ರ ವಿನಾಯಿತಿ. ಅಂದರೆ ಈಗ ನಮ್ಮಲ್ಲಿ ಓಡಾಡುತ್ತಿರುವ ಇಂಗ್ಲೆಂಡಿನ ವೆಬ್ಲಿ, ಅಮೆರಿಕದ ಸ್ಮಿತ್ ಅಂಡ್ ವೆಸನ್, ಕೋಲ್ಟ್‌ಗಳಲ್ಲಿ ಬಹುಪಾಲು ಅದಕ್ಕೂ ಮುಂಚೆ ಬಂದವು. ಹೊಸದಾಗಿ ಬರೋದಿಲ್ಲ, ಇರೋದೇ ಕೈಯಿಂದ ಕೈಗೆ ಹೋಗಬೇಕು. ಅದಕ್ಕೇ ಐವತ್ತು, ಅರವತ್ತು ವರ್ಷ ಹಳೆಯದಾದರೂ ಹೊಸದಕ್ಕಿಂತ ಹೆಚ್ಚು ರೇಟು ಹೇಳ್ತಾರೆ.

ಹೊಸದು ಬೇಕು ಅಂದ್ರೆ ಮುಖ್ಯವಾಗಿ ಕಾನ್ಪುರದ ಸರ್ಕಾರಿ ಕಾರ್ಖಾನೆಗಳದ್ದು. ಮೊದಲು ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಕೆಳಗಿದ್ದ ಇವು 2021ರ ಅಕ್ಟೋಬರ್‌ನಿಂದ ಬೇರೆ ಕಂಪನಿಯಡಿ ನಡೆಯುತ್ತಿವೆ. ಇಲ್ಲಿಂದ ಬರುವ .32 ರಿವಾಲ್ವರೇ ನಮ್ಮ ಕಡೆ ಹೆಚ್ಚು ಕಾಣುವುದು. 2014ರ ಜನವರಿಯಲ್ಲಿ ಮಹಿಳೆಯರಿಗಾಗಿ ಅಂತ ಹೇಳಿ ಬಿಟ್ಟ ‘ನಿರ್ಭೀಕ್’ ಕೂಡ ಕಾನ್ಪುರದ್ದೇ. ಅರ್ಧ ಕೆಜಿ ತೂಕ, ಆಗಲೇ ಅದರ ಬೆಲೆ 1.22 ಲಕ್ಷ ದಾಟಿತ್ತು. ಈಗ ಹೊಸ ರಿವಾಲ್ವರ್, ಪಿಸ್ತೂಲುಗಳಿಗೆ ಜಿಎಸ್‌ಟಿ ಬೇರೆ ಜಾಸ್ತಿ ಆಗಿದೆ. 28 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಪರ್ಸೆಂಟ್. ಹಳೇದರ ಕಡೆ ಜನ ತಿರುಗದೆ ಇನ್ನೇನು ಮಾಡ್ತಾರೆ.

ಲೈಸೆನ್ಸಿನಲ್ಲಿ ಏನು ಬರೆದಿದೆ ಅನ್ನೋದೇ ಮೊದಲು

ಮಂಡ್ಯ ಜಿಲ್ಲೆಯವರಿಗೆ ಸಾಮಾನ್ಯ ಬಂದೂಕಿನ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಜಿಲ್ಲಾ ಮ್ಯಾಜಿಸ್ಟ್ರೇಟ್ ಆಗಿ. ಅರ್ಜಿ ಹಾಕುವವರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ದೈಹಿಕ-ಮಾನಸಿಕ ಆರೋಗ್ಯದ ಸರ್ಟಿಫಿಕೇಟು, ಬಂದೂಕು ಬಳಕೆಯ ತರಬೇತಿ, ಮನೆಯಲ್ಲಿ ಭದ್ರವಾಗಿ ಇಡೋ ವ್ಯವಸ್ಥೆ ಇದೆ ಅನ್ನೋ ಮುಚ್ಚಳಿಕೆ, ಇದೆಲ್ಲ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ. ಯಾಕೆ ಬೇಕು ಅನ್ನೋದಕ್ಕೆ ನಿಜವಾದ ಕಾರಣವನ್ನೂ ಕೊಡಬೇಕು. ‘ಮರ್ಯಾದೆಗೆ ಒಂದಿರಲಿ’ ಅನ್ನೋದು ಕಾರಣ ಅಲ್ಲ. ಅರ್ಜಿ ತಿರಸ್ಕಾರ ಆದರೆ ಮೇಲ್ಮನವಿಗೆ ಅವಕಾಶ ಉಂಟು.

ಲೈಸೆನ್ಸ್ ಕೈಗೆ ಬಂದ ಖುಷಿಯಲ್ಲಿ ಅದನ್ನು ಓದದೆ ಅಂಗಡಿಗೆ ಓಡುವವರೇ ಹೆಚ್ಚು. ಓದಬೇಕಾದ್ದು ಇಷ್ಟು. ಯಾವ ತರದ ಬಂದೂಕು? ಬೆಳೆ ಕಾಯೋಕೆ ಅಂತ ಕೊಟ್ಟ ಒಂಟಿ ನಳಿಗೆ, ಜೋಡಿ ನಳಿಗೆ ಬಂದೂಕಿನ ಲೈಸೆನ್ಸಿಗೆ ರಿವಾಲ್ವರ್ ಬರೆಸಿಕೊಳ್ಳೋಕಾಗಲ್ಲ. ಯಾವ ವ್ಯಾಪ್ತಿ, ಜಿಲ್ಲೆಗೆ ಮಾತ್ರವೋ, ರಾಜ್ಯಕ್ಕೋ, ಇಡೀ ದೇಶಕ್ಕೋ? ಎಷ್ಟು ದಿನದೊಳಗೆ ಖರೀದಿ ಮಾಡಬೇಕು? ಎಷ್ಟು ತೋಟೆ ಇಟ್ಕೋಬಹುದು? ಇವೆಲ್ಲ ಆ ಕಾಗದದ ಮೇಲೇ ಇರುತ್ತವೆ. ಜೊತೆಗೆ ಯುಐಎನ್ ಅನ್ನೋ ನಂಬರ್ ಇರಬೇಕು. ರಾಷ್ಟ್ರಮಟ್ಟದ ದಾಖಲೆಗೆ ಸೇರಿದ ಲೈಸೆನ್ಸ್ ಅಂತ ತೋರಿಸೋದು ಅದೇ. ತಾತನ ಕಾಲದ ಪುಸ್ತಕದ ಲೈಸೆನ್ಸಿನಲ್ಲಿ ಅದು ಇಲ್ಲದಿದ್ದರೆ ಮೊದಲು ಡಿಸಿ ಆಫೀಸಿನಲ್ಲಿ ವಿಚಾರಿಸಿ, ರಿವಾಲ್ವರ್ ಹುಡುಕೋದು ಆಮೇಲೆ. ಒಬ್ಬರಿಗೆ ಮೂರು ಬಂದೂಕು ಅಂತ ಇದ್ದದ್ದು 2019ರ ಡಿಸೆಂಬರ್‌ನಿಂದ ಎರಡಕ್ಕೆ ಇಳಿದಿದೆ, ಲೈಸೆನ್ಸ್ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

ಇನ್ನು ಬೋರ್, ಅಂದರೆ ನಳಿಗೆಯ ಒಳ ಅಳತೆ. ಇಲ್ಲಿ ಮೋಸ ಹೋಗುವವರು ಬಹಳ. ಡಿಸಿ ಕೊಡೋ ಲೈಸೆನ್ಸ್ ‘ಎನ್‌ಪಿಬಿ’ಗೆ, ಅಂದರೆ ನಿಷೇಧಿತ ಅಲ್ಲದ ಬೋರಿಗೆ. ರಿವಾಲ್ವರ್‌ನಲ್ಲಿ ಅದು ಹೆಚ್ಚಾಗಿ .32, ಕೆಲವು ಸಲ .22. ಸೈನ್ಯದಲ್ಲಿ ಬಳಸುತ್ತಿದ್ದ .380, .455 ತೋಟೆ ಹಾಕಬಹುದಾದ ರಿವಾಲ್ವರ್‌ಗಳು, 9 ಎಂಎಂ ಪಿಸ್ತೂಲುಗಳು ನಿರ್ಬಂಧಿತ ಪಟ್ಟಿಯಲ್ಲಿವೆ. ಅವಕ್ಕೆ ದೆಹಲಿಯ ಗೃಹ ಮಂತ್ರಾಲಯವೇ ಅನುಮತಿ ಕೊಡಬೇಕು, ಅದು ನಮ್ಮಂಥವರಿಗೆ ಸಿಗೋ ಮಾತಲ್ಲ. ‘ಮಿಲಿಟ್ರಿ ವೆಬ್ಲಿ, ಒರಿಜಿನಲ್, ಕಡಿಮೆಗೆ ಬಿಡ್ತೀನಿ’ ಅಂತ ಯಾರಾದ್ರೂ ಬಂದರೆ ಮೊದಲು ಕೇಳಬೇಕಾದ ಮಾತು ಬೋರ್ ಎಷ್ಟು ಅಂತ. ವೆಬ್ಲಿ ಕಂಪನಿ .32 ಕೂಡ ಮಾಡಿದೆ, .38, .455 ಕೂಡ ಮಾಡಿದೆ. ಹೆಸರು ಒಂದೇ, ಕಾನೂನು ಬೇರೆ ಬೇರೆ. ನಿಷೇಧಿತ ಬೋರ್ ಮನೆಯಲ್ಲಿ ಸಿಕ್ಕರೆ ಶಿಕ್ಷೆ 7 ವರ್ಷದಿಂದ ಶುರು.

.32 ಒಳಗೂ ಒಂದು ಗೊಂದಲ ಇದೆ. ರಿವಾಲ್ವರ್‌ನ .32 ತೋಟೆ ಬೇರೆ, ಪಿಸ್ತೂಲಿನ .32 ತೋಟೆ ಬೇರೆ. ರಿವಾಲ್ವರ್ ತೋಟೆಯ ಬುಡದಲ್ಲಿ ಅಗಲದ ಅಂಚು ಇರುತ್ತೆ, ಉದ್ದವೂ ಜಾಸ್ತಿ. ಒಂದರದ್ದು ಇನ್ನೊಂದಕ್ಕೆ ತೂರಿಸಿದರೆ ತೂರಬಹುದು, ಹಾಗಂತ ಹಾಕೋದಲ್ಲ.

ಯಾರ ಹತ್ತಿರ ಕೊಳ್ಳೋದು

ದಾರಿ ಎರಡು. ಮೈಸೂರು, ಬೆಂಗಳೂರಿನಲ್ಲಿ ಲೈಸೆನ್ಸ್ ಹೊಂದಿದ ಬಂದೂಕು ಅಂಗಡಿಗಳಿವೆ, ಅಲ್ಲಿ ಬೇರೆಯವರು ಮಾರೋಕೆ ಬಿಟ್ಟ ಹಳೇ ರಿವಾಲ್ವರ್‌ಗಳು ಇರುತ್ತವೆ. ರೇಟು ನಾಲ್ಕು ಕಾಸು ಹೆಚ್ಚಾದರೂ ಬಿಲ್ಲು, ರಿಜಿಸ್ಟರ್, ಲೈಸೆನ್ಸಿನಲ್ಲಿ ಎಂಟ್ರಿ ಎಲ್ಲ ಅವರೇ ನೋಡಿಕೊಳ್ತಾರೆ. ಮೊದಲ ಸಲ ಕೊಳ್ಳುವವರಿಗೆ ಇದೇ ಸರಿ ಅನ್ನೋದು ನಮ್ಮ ಅಭಿಪ್ರಾಯ.

ಎರಡನೇದು ಲೈಸೆನ್ಸ್ ಇರುವ ವ್ಯಕ್ತಿಯಿಂದ ನೇರವಾಗಿ. ಕಾಯ್ದೆಯ 5ನೇ ಕಲಂ ಪ್ರಕಾರ ತನ್ನ ಸ್ವಂತ ಬಳಕೆಗೆ ಅಂತ ಇಟ್ಟುಕೊಂಡಿರೋ ಬಂದೂಕನ್ನು, ಇಟ್ಟುಕೊಳ್ಳೋ ಹಕ್ಕಿರುವ ಇನ್ನೊಬ್ಬರಿಗೆ ಮಾರಬಹುದು. ಆದರೆ ಯಾರಿಗೆ ಮಾರ್ತೀನಿ, ಅವರ ಹೆಸರು-ವಿಳಾಸ ಏನು ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗೋ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಅಲ್ಲೀತನಕ ರಿವಾಲ್ವರ್ ಮಾರುವವರ ಬೀರುವಿನಲ್ಲೇ ಇರಬೇಕು. ಅಡ್ವಾನ್ಸ್ ಕೊಟ್ಟಿದ್ದೀನಿ ಅಂತ ತಂದಿಟ್ಟುಕೊಳ್ಳೋ ಹಾಗಿಲ್ಲ. ಕಾಯ್ದೆ ‘ತಿಳಿಸಿ, ಕಾಯಿ’ ಅಂತ ಮಾತ್ರ ಹೇಳಿದರೂ, ಡಿಸಿ ಕಚೇರಿಯಿಂದ ಲಿಖಿತ ಉತ್ತರ ಕೈಗೆ ಬಂದ ಮೇಲೇ ಹಸ್ತಾಂತರ ಮಾಡಿಕೊಳ್ಳೋದು ಕ್ಷೇಮ. ಮಾರಿದವರ ಲೈಸೆನ್ಸಿನಿಂದ ಆ ನಂಬರ್ ತೆಗೆಸಿ, ನಿಮ್ಮದಕ್ಕೆ ಸೇರಿಸಿದ ಮೇಲೇ ವ್ಯಾಪಾರ ಮುಗಿದ ಲೆಕ್ಕ.

‘ಕೊಡಗಿನಲ್ಲಿ ನಮ್ಮ ನೆಂಟರಿದ್ದಾರೆ, ಅವರಿಗೆ ಲೈಸೆನ್ಸೇ ಬೇಡ, ಅಲ್ಲಿಂದ ತರ್ತೀನಿ’ ಅನ್ನೋ ಮಾತೂ ಕೇಳಿಬರುತ್ತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರೋದು ನಿಜ, 2029ರವರೆಗೆ ಅದನ್ನು ಮುಂದುವರಿಸಿಯೂ ಇದ್ದಾರೆ. ಆದರೆ ಅವರ ವಿನಾಯಿತಿ ನಿಮಗೆ ಅಂಟಿಕೊಂಡು ಕೆ.ಆರ್.ಪೇಟೆ ತನಕ ಬರೋದಿಲ್ಲ.

ತೀರಿಹೋದವರ ಬಂದೂಕಿನ ವಿಷಯ ಇನ್ನೂ ಸೂಕ್ಷ್ಮ. ಅಪ್ಪ ಹೋದರು, ತಿಥಿ ಆಯ್ತು, ಆಸ್ತಿ ಭಾಗದ ಮಾತೂ ಶುರುವಾಯ್ತು, ಆದರೆ ರಿವಾಲ್ವರ್ ಟ್ರಂಕಿನಲ್ಲೇ ಇದೆ. ಲೈಸೆನ್ಸ್ ಇದ್ದದ್ದು ಅಪ್ಪನ ಹೆಸರಿಗೆ. ಅವರು ಹೋದ ಮೇಲೆ ಮನೆಯಲ್ಲಿ ಇನ್ಯಾರಿಗೂ ಅದನ್ನು ಇಟ್ಟುಕೊಳ್ಳೋ ಅಧಿಕಾರ ಇಲ್ಲ. 21ನೇ ಕಲಂ ಪ್ರಕಾರ ತಡ ಮಾಡದೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಜಮಾ ಮಾಡಿ ರಸೀದಿ ತಗೋಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪಡೆದು, ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಯಾರಿಗೂ ಬೇಡ ಅಂದ್ರೆ ಮಾರೋಕೆ ಅನುಮತಿ ಕೇಳಬಹುದು. ಇನ್ನೊಂದು ಅನುಕೂಲ ಬಹಳ ಜನಕ್ಕೆ ಗೊತ್ತಿಲ್ಲ: ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಬಂದೂಕು 25 ವರ್ಷದಿಂದ ಅವರ ಹತ್ತಿರ ಇದ್ದರೆ, ಅವರು ಬದುಕಿರುವಾಗಲೇ ಮಗನಿಗೋ ಮಗಳಿಗೋ ವರ್ಗ ಮಾಡಿಸೋಕೆ ನಿಯಮದಲ್ಲಿ ಅವಕಾಶ ಇದೆ. ಮನೆಯಲ್ಲಿ ವಯಸ್ಸಾದವರ ಹೆಸರಲ್ಲಿ ಬಂದೂಕು ಇದ್ದರೆ ಈ ಕೆಲಸ ಇವತ್ತೇ ಶುರು ಮಾಡಿ.

ಹಿಡಿ ಬಿಚ್ಚಿಸಿ ನೋಡಿ

ರಿವಾಲ್ವರ್ ನೋಡೋಕೆ ಹೋದಾಗ ಮೊದಲು ಅಂಗಡಿಯವರೇ ಅದನ್ನು ತೆರೆದು ಆರೂ ಗೂಡು ಖಾಲಿ ಇದೆ ಅಂತ ತೋರಿಸಬೇಕು. ನೀವೂ ಕಣ್ಣಾರೆ ನೋಡಬೇಕು. ಅದಾದ ಮೇಲೆ ನಂಬರ್. ಲೈಸೆನ್ಸಿನಲ್ಲಿ, ಬಿಲ್ಲಿನಲ್ಲಿ, ಲೋಹದ ಮೇಲೆ ಮೂರೂ ಕಡೆ ಒಂದೇ ಇರಬೇಕು. ನಂಬರ್ ಉಜ್ಜಿದ, ತಿದ್ದಿದ ಬಂದೂಕನ್ನು ಇಟ್ಟುಕೊಳ್ಳೋದು, ಮಾರೋದು ಎರಡೂ ಅಪರಾಧ. ಒಂದು ಅಂಕಿ ಮಸುಕಾಗಿದ್ದರೂ ‘ಹಳೇದಲ್ವಾ ಸಾರ್, ಸವೆದಿದೆ’ ಅನ್ನೋ ಮಾತಿಗೆ ತಲೆ ಆಡಿಸಬೇಡಿ, ಕೈಮುಗಿದು ಎದ್ದು ಬನ್ನಿ.

ಮೇಲೆ ನೋಡೋಕೆ ಹೊಳೀತಿರುತ್ತೆ. ಹೊಸದಾಗಿ ಕಪ್ಪು ಹಾಕಿಸಿದ್ದರೆ ಮೂವತ್ತು ವರ್ಷದ್ದೂ ನಿನ್ನೆ ಬಂದ ಹಾಗೆ ಕಾಣುತ್ತೆ. ನಿಜವಾದ ವಯಸ್ಸು ತಿಳಿಯೋದು ಹಿಡಿಯ ಕೆಳಗೆ. ಎರಡು ಪಟ್ಟಿ, ಒಂದು ತಿರುಪು, ಅಷ್ಟೇ ಇರೋದು. ಅದನ್ನು ಬಿಚ್ಚಿ ತೋರಿಸಿ ಅಂತ ಅಂಗಡಿಯ ಮೆಕ್ಯಾನಿಕ್‌ಗೆ ಹೇಳಿ. ಕೈ ಬೆವರಿನ ಉಪ್ಪು, ಮಳೆಗಾಲದ ತೇವ ಎಲ್ಲ ಹೋಗಿ ಕೂರೋದು ಆ ಸಂದಿಯಲ್ಲಿ. ಮೇಲುಮೇಲಿನ ಕೆಂಪು ತುಕ್ಕು ಎಣ್ಣೆ ಬಟ್ಟೆಗೆ ಹೋದರೆ ಚಿಂತೆ ಇಲ್ಲ. ಲೋಹ ತಿಂದು ಗುಳಿ ಬಿದ್ದಿದ್ದರೆ, ಅಥವಾ ಅಲ್ಲಿ ವೆಲ್ಡಿಂಗ್ ಗುರುತು ಕಂಡರೆ ಬೇಡ. ಮಾರುವವರು ಹಿಡಿ ಬಿಚ್ಚೋಕೇ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಕಾನ್ಪುರದ .32 ವೆಬ್ಲಿಯ ಮಾದರಿಯಲ್ಲಿ ಮಾಡಿದ್ದು, ಮಧ್ಯಕ್ಕೆ ಮಡಚಿಕೊಳ್ಳುತ್ತೆ. ಹೀಗೆ ಮಡಚೋ ರಿವಾಲ್ವರ್‌ನಲ್ಲಿ ಸವೆಯೋದು ಕೀಲು ಮತ್ತು ಮೇಲಿನ ಕೊಂಡಿ. ಮುಚ್ಚಿ ನಳಿಗೆ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಗಡಗಡ ಅಂದರೆ ಬೇಡ. ಕುದುರೆ ಎಳೆದು ನಿಲ್ಲಿಸಿದಾಗ ಗುಂಡಿನ ಚಕ್ರ ಗಟ್ಟಿಯಾಗಿ ಕೂರಬೇಕು, ಆರೂ ಗೂಡಿಗೂ ಇದೇ ಪರೀಕ್ಷೆ. ಗೂಡು ನಳಿಗೆಗೆ ನೇರ ಬರದಿದ್ದರೆ ಗುಂಡಿನ ಸೀಸ ಸೀಳಿ ಪಕ್ಕಕ್ಕೆ ಸಿಡಿಯುತ್ತೆ, ಪೆಟ್ಟು ಬೀಳೋದು ನಿಮಗೇ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಸುರುಳಿ ಗೀರು ಸ್ಪಷ್ಟವಾಗಿ ಕಾಣಬೇಕು.

ಹಿಡಿ ಕೂರೋದು ಅಂದ್ರೆ ಎರಡು ಲೆಕ್ಕ

ಒಂದು, ಹಿಡಿ ರಿವಾಲ್ವರಿಗೆ ಕೂರಬೇಕು. ಎರಡು, ರಿವಾಲ್ವರ್ ನಿಮ್ಮ ಕೈಗೆ ಕೂರಬೇಕು. ನಮ್ಮ ಜನ ಎರಡನೇದನ್ನು ಕೇಳೋದೇ ಇಲ್ಲ. ಕುಡುಗೋಲು, ಗುದ್ದಲಿ ತಗೊಳ್ಳುವಾಗ ಕಾವು ಹಿಡಿದು, ಬೀಸಿ, ದಪ್ಪ ಆಯ್ತು ತೆಳು ಆಯ್ತು ಅಂತ ಹತ್ತು ಸಲ ನೋಡುವವರು ಲಕ್ಷದ ರಿವಾಲ್ವರ್‌ನ ಬಣ್ಣ ನೋಡಿ ದುಡ್ಡು ಎಣಿಸ್ತಾರೆ.

ಖಾಲಿ ರಿವಾಲ್ವರನ್ನು ನೆಲದ ಕಡೆ ತಿರುಗಿಸಿ ಹಿಡಿಯಿರಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿ ಹಿಡಿಯ ಬೆನ್ನಿನ ಮೇಲ್ತುದಿಗೆ ಹೋಗಿ ಕೂತಿರಬೇಕು. ಆಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಸಲೀಸಾಗಿ ಟ್ರಿಗರ್‌ಗೆ ಸಿಗಬೇಕು. ಬರೀ ಬೆರಳ ತುದಿ ಮುಟ್ಟಿದರೆ ಹಿಡಿ ನಿಮಗೆ ದಪ್ಪ. ಎಳೆಯೋಕೆ ಹೋದಾಗ ಇಡೀ ಕೈ ತಿರುಗುತ್ತೆ, ಗುರಿ ಪಕ್ಕಕ್ಕೆ ಹೋಗುತ್ತೆ. ಎರಡನೇ ಗೆಣ್ಣು ತನಕ ಒಳಗೆ ಹೋದರೆ ಹಿಡಿ ತೆಳು. ಟ್ರಿಗರ್ ಸುತ್ತಿನ ಬಳೆಯ ಹಿಂಭಾಗ ನಡುಬೆರಳಿನ ಗೆಣ್ಣಿಗೆ ತಾಗುತ್ತಿದ್ದರೆ ಪ್ರತಿ ಗುಂಡಿಗೂ ಅಲ್ಲಿ ಏಟು ಬೀಳುತ್ತೆ. ಸಣ್ಣ ಚೌಕಟ್ಟಿನ ರಿವಾಲ್ವರ್‌ಗಳಲ್ಲಿ ದೊಡ್ಡ ಕೈಯವರ ಕಿರುಬೆರಳು ಹಿಡಿಯಿಂದ ಕೆಳಗೆ ಜಾರಿರುತ್ತೆ. ಗುದ್ದಲಿ ಹಿಡಿದ ಅಗಲ ಕೈಗೂ ಅಂಗಡಿಯಲ್ಲಿ ಕೂತು ಲೆಕ್ಕ ಬರೆದ ಕೈಗೂ ಒಂದೇ ಹಿಡಿ ಒಗ್ಗೋದಿಲ್ಲ. ಯಾರು ಬಳಸ್ತಾರೋ ಅವರೇ ಹೋಗಿ ಹಿಡಿದು ನೋಡಬೇಕು.

ಈಗ ರಿವಾಲ್ವರಿಗೆ ಕೂರುವ ಲೆಕ್ಕ. ಹೊರದೇಶದ ಹಳೇದಕ್ಕೆ ಇದೇ ದೊಡ್ಡ ತಲೆನೋವು. ಸ್ಮಿತ್ ಅಂಡ್ ವೆಸನ್ ಕಂಪನಿ ಚೌಕಟ್ಟಿನ ಗಾತ್ರಕ್ಕೆ ಅಕ್ಷರದ ಹೆಸರು ಇಟ್ಟಿದೆ: ಜೆ ಸಣ್ಣದು, ಕೆ ನಡುವಿನದು, ಎನ್ ದೊಡ್ಡದು. ನಮ್ಮಲ್ಲಿ ಸಿಗುವ ಹಳೇ .32ಗಳಲ್ಲಿ ಬಹಳಷ್ಟು ಅದಕ್ಕೂ ಹಿಂದಿನ ‘ಐ’ ಚೌಕಟ್ಟಿನವು. ಜೆ ಹಿಡಿ ನೋಡೋಕೆ ಅದೇ ಥರ ಇದ್ದರೂ ಹಳೇ ಐ ಚೌಕಟ್ಟಿಗೆಲ್ಲ ಸರಿಯಾಗಿ ಕೂರೋದಿಲ್ಲ. ಅದರ ಮೇಲೆ ಬುಡ ಗುಂಡಗಿನದೋ ಚೌಕದ್ದೋ ಅನ್ನೋದು ಬೇರೆ. ಕೋಲ್ಟ್‌ನವರ ಅಳತೆಯೇ ಬೇರೆ. ಕಾನ್ಪುರದ್ದು ವೆಬ್ಲಿಯ ಮಾದರಿಯೇ ಆದರೂ ವೆಬ್ಲಿಯ ಹಿಡಿ ತಂದು ಹಾಗೇ ಹಾಕ್ತೀನಿ ಅಂತ ಹೊರಡಬೇಡಿ. ಹಳೇ ಪಟ್ಟಿಯ ಮೇಲೆ ಹೊಸ ಪಟ್ಟಿ ಇಟ್ಟು, ತಿರುಪಿನ ತೂತು, ಕೆಳಗಿನ ಗೂಟದ ಜಾಗ, ಬೆನ್ನಿನ ಬಾಗು ಮೂರೂ ಒಂದಕ್ಕೊಂದು ಕೂಡುತ್ತಾ ನೋಡಿದ ಮೇಲೇ ದುಡ್ಡು ಕೊಡಿ.

ಸ್ವಲ್ಪ ಉಜ್ಜಿದರೆ ಕೂರುತ್ತೆ ಅನ್ನೋ ಹಿಡಿಯನ್ನು ಉಜ್ಜಬಹುದು. ಉಜ್ಜಬೇಕಾದ್ದು ಮರ, ಲೋಹ ಅಲ್ಲ. ಹಿಡಿ ಕೂರಿಸೋಕೆ ಅಂತ ಚೌಕಟ್ಟಿಗೆ ಅರ ಹಾಕಿದ ರಿವಾಲ್ವರ್‌ನ ಬೆಲೆ ಅಲ್ಲಿಗೆ ಮುಗೀತು. ಮರದ ಒಳಮೈ ದಪ್ಪ ಉಳಿದಿದ್ದರೆ ಇನ್ನೊಂದು ತೊಂದರೆ ಇದೆ. ಕುದುರೆಗೆ ಜೋರು ಕೊಡುವ ಮುಖ್ಯ ಸ್ಪ್ರಿಂಗ್ ಇರೋದು ಹಿಡಿಯ ಒಳಗೇ. ಪಟ್ಟಿ ಅದಕ್ಕೆ ಉಜ್ಜುತ್ತಿದ್ದರೆ ಕುದುರೆ ಮೆತ್ತಗೆ ಬೀಳುತ್ತೆ, ತೋಟೆ ಹೊತ್ತಲ್ಲ. ಹೊಸ ಹಿಡಿ ಹಾಕಿದ ಮೇಲೆ ತೋಟೆ ಕೈಕೊಡೋಕೆ ಶುರುವಾದರೆ ತೋಟೆಯನ್ನು ಬೈಯೋ ಮೊದಲು ಹಿಡಿ ತೆಗೆಸಿ ನೋಡಿ. ಚಕ್ರ ಪಕ್ಕಕ್ಕೆ ತೆರೆಯುವ ರಿವಾಲ್ವರ್ ಆದರೆ ಎಡಗಡೆ ಪಟ್ಟಿಯ ಮೇಲ್ಭಾಗ ಸ್ವಲ್ಪ ತಗ್ಗಿಸಿರಬೇಕು, ಇಲ್ಲದಿದ್ದರೆ ಖಾಲಿ ಕವಚ ಹೊರಗೆ ಬರೋವಾಗ ಅಲ್ಲಿ ಸಿಕ್ಕಿಕೊಳ್ಳುತ್ತೆ. ಮಧ್ಯಕ್ಕೆ ಮಡಚುವ ಕಾನ್ಪುರದ್ದಕ್ಕೆ ಆ ರಗಳೆ ಇಲ್ಲ.

ತಿರುಪನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಹಳೇ ಇಂಗ್ಲಿಷ್ ರಿವಾಲ್ವರ್‌ನ ತಿರುಪಿನ ಮರೆ ಈಗಿನ ಮಿಲಿಮೀಟರ್ ಲೆಕ್ಕದ್ದಲ್ಲ. ಹಾರ್ಡ್‌ವೇರ್ ಅಂಗಡಿಯ ತಿರುಪು ಎರಡು ಸುತ್ತು ಹೋಗಿ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ಒಳಗಿನ ಮರೆ ಹೋಗುತ್ತೆ, ಅತಿಯಾಗಿ ಬಿಗಿದರೆ ತೂತಿನಿಂದಲೇ ಪಟ್ಟಿ ಸೀಳುತ್ತೆ. ಒಡೆದ ಹಿಡಿಗಳಲ್ಲಿ ಸೀಳು ಶುರುವಾಗಿರೋದು ಸಾಮಾನ್ಯವಾಗಿ ಅಲ್ಲಿಂದಲೇ.

ಆಸಾರಿ ಹತ್ರ ಮಾಡಿಸ್ಕೊಳ್ಳಬಹುದಾ?

ಬೀಟೆ ಮರ ಇದೆ, ಕೆತ್ತೋ ಕೈ ನಮ್ಮೂರಲ್ಲೇ ಇದೆ, ಯಾಕಾಗಬಾರದು ಅಂತ ಅನ್ನಿಸೋದು ಸಹಜ. ಬೀಟೆ, ಹೊನ್ನೆ ಗಟ್ಟಿ ಮರಗಳು, ಹಿಡಿಗೆ ಒಳ್ಳೇವು. ಬೊಂಬೆ ಮಾಡೋ ಆಲೆ ಮರ ಮೃದು, ತಿರುಪಿನ ಹತ್ತಿರ ನಿಲ್ಲಲ್ಲ. ಹಸಿ ಮರದಲ್ಲಿ ಮಾಡಿದರೆ ಬೇಸಿಗೆಗೆ ಕುಗ್ಗಿ ಅಲ್ಲಾಡುತ್ತೆ.

ಆದರೆ ಕಾನೂನು ಇಲ್ಲೂ ಬರುತ್ತೆ. ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು ಅನ್ನುತ್ತೆ 5ನೇ ಕಲಂ. ಲೈಸೆನ್ಸ್ ಇಲ್ಲದ ಆಸಾರಿಗೋ ಲೇತ್ ಅಂಗಡಿಯವರಿಗೋ ‘ಅಳತೆ ತಗೋ, ನಾಳೆ ಬರ್ತೀನಿ’ ಅಂತ ರಿವಾಲ್ವರ್ ಬಿಟ್ಟು ಬಂದರೆ ಅವರೂ ಸಿಕ್ಕಿಬೀಳ್ತಾರೆ, ನೀವೂ ಸಿಕ್ಕಿಬೀಳ್ತೀರಿ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ ‘ಶಸ್ತ್ರ’ ಅನ್ನೋದರೊಳಗೇ ಸೇರಿವೆ. ಹಾಗಾಗಿ ಹೊರದೇಶದಿಂದ ಆನ್‌ಲೈನ್‌ನಲ್ಲಿ ಹಿಡಿ ತರಿಸೋಕೆ ಹೋದರೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತು, ವಿವರಣೆ ಕೊಡಿ ಅಂತ ಪತ್ರ ಬರಬಹುದು. ರಿಪೇರಿ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ನೀವೇ ಲೈಸೆನ್ಸ್ ಸಮೇತ ಹೋಗಿ, ಅಲ್ಲೇ ಅಳತೆ ಕೊಟ್ಟು, ಅವರ ಮೂಲಕವೇ ಮಾಡಿಸೋದು ಸರಿಯಾದ ದಾರಿ. ಎರಡು ಸಲ ಓಡಾಟ ಆಗುತ್ತೆ, ಆಗಲಿ.

ಹಳೇ ಜಮೀನ್ದಾರಿ ಮನೆಗಳ ರಿವಾಲ್ವರ್‌ಗಳಲ್ಲಿ ಕೆಲವಕ್ಕೆ ಆನೆ ದಂತದ ಹಿಡಿ, ಕಡವೆ ಕೊಂಬಿನ ಹಿಡಿ ಇರುತ್ತೆ. ‘ಇದಕ್ಕೇ ಎಕ್ಸ್‌ಟ್ರಾ’ ಅಂತ ರೇಟು ಏರಿಸ್ತಾರೆ. ಇಂಥದ್ದನ್ನು ಮುಟ್ಟಬೇಡಿ. ಬಂದೂಕಿಗೆ ಲೈಸೆನ್ಸ್ ಇದ್ದರೂ ಆ ಹಿಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯ ಆಗುತ್ತೆ. ಭಾರತದ ಆನೆ ದಂತದ ವ್ಯಾಪಾರ 1986ರಲ್ಲೂ, ಹೊರಗಿನಿಂದ ಬಂದ ಆಫ್ರಿಕಾದ ದಂತದ ವ್ಯಾಪಾರ 1991ರಲ್ಲೂ ನಿಂತಿದೆ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅರಣ್ಯ ಇಲಾಖೆಯ ಮಾಲೀಕತ್ವ ಪತ್ರ ಇದ್ದರೂ ಅದನ್ನು ಮಾರೋ ಹಾಗಿಲ್ಲ. ಪೊಲೀಸ್ ಕೇಸು ತಪ್ಪಿಸ್ಕೊಂಡು ಫಾರೆಸ್ಟ್ ಕೇಸಿಗೆ ಬಿದ್ದ ಹಾಗಾಗುತ್ತೆ.

ಮನೆಗೆ ಬಂದ ಮೇಲೆ

ಚರ್ಮದ ಚೀಲ ಓಡಾಡುವಾಗ ಮಾತ್ರ. ಅದರಲ್ಲೇ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಹೀರಿದ ತೇವ ಲೋಹಕ್ಕೆ ಇಳಿಯುತ್ತೆ. ತೆಳ್ಳಗೆ ಎಣ್ಣೆ ಸವರಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿ, ತೋಟೆಯನ್ನು ಬೇರೆ ಕಡೆ ಇಡಿ. ಎಣ್ಣೆ ಮರದ ಹಿಡಿಗೆ ಇಳಿಯದ ಹಾಗೆ ನೋಡ್ಕೊಳ್ಳಿ, ಇಳಿದರೆ ಮರ ಕಪ್ಪಾಗಿ ಮೆತ್ತಗಾಗುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಕೈ ನಿಮ್ಮ ಸೊಂಟದಲ್ಲೇ ಇರಲಿ. ಹೊರಗೆ ಒಯ್ಯುವಾಗ ಚೀಲದೊಳಗೆ, ಕಾಣದ ಹಾಗೆ ಅನ್ನೋದು ನಿಯಮ. ಅಂಗಡಿ ಮೇಜಿನ ಮೇಲೆ ಇಟ್ಟು ಗಿರಾಕಿಗೆ ತೋರಿಸೋದಕ್ಕಲ್ಲ ಅದು.

ಮದುವೆ ದಿಬ್ಬಣ, ಹಬ್ಬ, ಗೆಲುವಿನ ಮೆರವಣಿಗೆ ಅಂತ ಗಾಳಿಯಲ್ಲಿ ಗುಂಡು ಹಾರಿಸಿದರೆ ಈಗ ಅದಕ್ಕೇ ಪ್ರತ್ಯೇಕ ಶಿಕ್ಷೆ ಇದೆ: 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಚಿರತೆ ಬಂತು ಅಂತಲೂ ಹಾರಿಸೋ ಹಾಗಿಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕು, ಅವರು ಬೋನು ಇಡ್ತಾರೆ.

ಚುನಾವಣೆ ಘೋಷಣೆ ಆದ ಕೂಡಲೇ ಬಂದೂಕು ಜಮಾ ಮಾಡಿ ಅನ್ನೋ ಆದೇಶ ಬರುತ್ತೆ. ಠಾಣೆಗೆ ಕೊಡುವ ಮುಂಚೆ ರಿವಾಲ್ವರ್‌ಗೆ ಎಣ್ಣೆ ಹಾಕಿ, ಹಿಡಿಯ ಎರಡೂ ಮಗ್ಗುಲು ಮತ್ತು ನಂಬರ್ ಕಾಣೋ ಹಾಗೆ ಫೋಟೊ ತೆಗೆದುಕೊಳ್ಳಿ. ಗೋಡೌನಿನಲ್ಲಿ ಹತ್ತಾರು ಬಂದೂಕಿನ ಜೊತೆ ಒತ್ತಿಕೊಂಡು ತಿಂಗಳುಗಟ್ಟಲೆ ಇರುತ್ತೆ, ಹಿಡಿ ಬಿರುಕು ಬಿಟ್ಟು ಬಂದರೆ ಮುಂಚೆ ಹೇಗಿತ್ತು ಅಂತ ತೋರಿಸೋಕೆ ಬೇರೆ ದಾರಿ ಇಲ್ಲ. ರಸೀದಿಯಲ್ಲಿ ‘ರಿವಾಲ್ವರ್ 1’ ಅಂತ ಬರೆದರೆ ಸಾಲದು, ಕಂಪನಿ, ಬೋರ್, ನಂಬರ್, ತೋಟೆ ಎಷ್ಟು ಅಂತ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ. ಫಲಿತಾಂಶ ಬಂದು ಆದೇಶದ ಅವಧಿ ಮುಗಿದ ಮೇಲೆ ಆ ರಸೀದಿ ತೋರಿಸಿ ಬೇಗ ಬಿಡಿಸಿಕೊಳ್ಳಿ.